ನನ್ನ ಉತ್ತರ ಪತ್ರಿಕೆ ನನಗೇ ಗುಟ್ಟಾ? ಕಲ್ಕತ್ತಾ ವಿಶ್ವವಿದ್ಯಾಲಯದ ಒಂದು ಪ್ರಕರಣ

ಫಲಿತಾಂಶ ಬಂದ ವಾರ ಯಾವ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋದರೂ ಒಂದೇ ಮಾತು ಕಿವಿಗೆ ಬೀಳುತ್ತದೆ. "ಚೆನ್ನಾಗೇ ಬರೆದಿದ್ದೆ ಸಾರ್, ಇಷ್ಟು ಕಡಿಮೆ ಹೇಗೆ ಬಂತು?" ಕೌಂಟರಿನ ಆ ಕಡೆಯಿಂದ ಬರುವ ಉತ್ತರವೂ ಹೆಚ್ಚುಕಮ್ಮಿ ಒಂದೇ. ಮರು ಎಣಿಕೆಗೆ ಹಾಕಿ, ಮರು ಮೌಲ್ಯಮಾಪನಕ್ಕೆ ಹಾಕಿ, ಚಲನ್ ಕಟ್ಟಿ ಬನ್ನಿ. ಇತ್ತೀಚಿನ ವರ್ಷಗಳಲ್ಲಿ ಆ ಪಟ್ಟಿಗೆ ಇನ್ನೊಂದು ಸೇರಿದೆ: ಉತ್ತರ ಪತ್ರಿಕೆಯ ನಕಲು ಬೇಕಾದರೆ ಅದಕ್ಕೂ ಅರ್ಜಿ ಹಾಕಿ.

ಈ ಕೊನೆಯದು ತಾನಾಗಿ ಬಂದ ಸೌಲಭ್ಯವಲ್ಲ. ಇದರ ಹಿಂದೆ ಕೋಲ್ಕತ್ತಾದ ಒಬ್ಬ ಗಣಿತ ವಿದ್ಯಾರ್ಥಿ ಹಾಕಿದ ಮಾಹಿತಿ ಹಕ್ಕು ಅರ್ಜಿಯ ಪಾಲು ದೊಡ್ಡದು. ಪ್ರಕರಣ 2007ರಲ್ಲಿ ಶುರುವಾಗಿ 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ವಿಶ್ವವಿದ್ಯಾಲಯದಿಂದ ದಾಖಲೆ ಕೇಳಲು ಹೊರಟವರಿಗೆ ಕಾಯ್ದೆಯ ಪುಸ್ತಕಕ್ಕಿಂತ ಈ ಒಂದು ಪ್ರಕರಣವೇ ಜಾಸ್ತಿ ಕಲಿಸುತ್ತದೆ ಅನ್ನುವುದು ನನ್ನ ನಂಬಿಕೆ. ವಿದ್ಯಾರ್ಥಿಯ ಹೆಸರು ತೀರ್ಪಿನಲ್ಲಿದೆ. ನಮಗೆ ಅದು ಬೇಕಿಲ್ಲ. ಇಲ್ಲಿ ಅವನು ಬರೀ ಹುಡುಗ.

ಹಳೇ ಅಭ್ಯಾಸ

ಕಲ್ಕತ್ತಾ ವಿಶ್ವವಿದ್ಯಾಲಯ ಶುರುವಾದದ್ದು 1857ರಲ್ಲಿ. ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದೂ ಅದೇ ವರ್ಷ. ಮೂರಕ್ಕೂ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಅಂದರೆ ಪರೀಕ್ಷೆಯೇ ಈ ಸಂಸ್ಥೆಗಳ ಮೂಲ ಕಸುಬು. ಪ್ರಶ್ನೆ ಪತ್ರಿಕೆ ಸೋರಬಾರದು, ಯಾರ ಪೇಪರ್ ಯಾರು ತಿದ್ದಿದರು ಅಂತ ಗೊತ್ತಾಗಬಾರದು, ವಶೀಲಿ ನಡೆಯಬಾರದು. ಇದಕ್ಕೆಲ್ಲ ಗುಟ್ಟು ಬೇಕೇ ಬೇಕು. ತೊಂದರೆ ಆದದ್ದು, ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೂ ಆ ಗುಟ್ಟು ಹಾಗೇ ಉಳಿದದ್ದರಿಂದ. ಪೇಪರ್ ತಿದ್ದಿ ಆಗಿದೆ, ಅಂಕ ಬಂದಾಗಿದೆ, ಇನ್ನು ಬರೆದವನಿಂದಲೇ ಮುಚ್ಚಿಡುವುದಕ್ಕೆ ಏನಿದೆ?

ಈ ಪ್ರಶ್ನೆ ಹುಡುಗನಿಗಿಂತ ಮೊದಲೇ ಒಮ್ಮೆ ಕೋರ್ಟಿಗೆ ಹೋಗಿತ್ತು. ಮಹಾರಾಷ್ಟ್ರದ ಶಿಕ್ಷಣ ಮಂಡಳಿಯ ನಿಯಮ ಉತ್ತರ ಪತ್ರಿಕೆ ನೋಡುವುದನ್ನೂ ಮರು ಮೌಲ್ಯಮಾಪನವನ್ನೂ ತಡೆದಿತ್ತು. ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೆ 1984ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಮಂಡಳಿಯ ಪರ ನಿಂತಿತು. ಇಂಥ ವಿಷಯ ಶಿಕ್ಷಣ ತಜ್ಞರಿಗೆ ಬಿಟ್ಟದ್ದು, ಕೋರ್ಟ್ ಕೈ ಹಾಕಬಾರದು ಅನ್ನುವ ಧಾಟಿ ಅದರದು. ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ದೇಶದ ಪರೀಕ್ಷಾ ಸಂಸ್ಥೆಗಳೆಲ್ಲ ಇದನ್ನೇ ಗುರಾಣಿಯಾಗಿ ಹಿಡಿದವು.

ನಡುವೆ 2005ರ ಅಕ್ಟೋಬರ್ 12ರಂದು ಮಾಹಿತಿ ಹಕ್ಕು ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮುಂಚೆ 2000ದ ಕರ್ನಾಟಕ ಕಾಯ್ದೆಯೊಂದಿತ್ತು, ಅದು ಬೇರೆ ಕಥೆ. ಕೇಂದ್ರದ ಕಾಯ್ದೆ ಆಟದ ನಿಯಮವನ್ನೇ ತಿರುಗಿಸಿತು. ಮೊದಲು, ನನಗೆ ಯಾಕೆ ಬೇಕು ಅಂತ ಕೇಳುವವನು ಹೇಳಬೇಕಿತ್ತು. ಈಗ, ಯಾಕೆ ಕೊಡುವುದಿಲ್ಲ ಅಂತ ಕಚೇರಿ ಹೇಳಬೇಕು. ಅದೂ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ ಕಾರಣಗಳಲ್ಲೇ ಒಂದನ್ನು ತೋರಿಸಬೇಕು.

ಹುಡುಗ ಕೇಳಿದ್ದು ಇಷ್ಟೇ

ಹುಡುಗನಿಗೆ ಗಣಿತದ ಒಂದು ಪೇಪರಿನಲ್ಲಿ ತೀರಾ ಕಡಿಮೆ ಅಂಕ ಬಂತು. ಉಳಿದ ಪೇಪರುಗಳಿಗೆ ಅದು ಹೊಂದುತ್ತಿರಲಿಲ್ಲ. ಎಲ್ಲರೂ ಮಾಡುವಂತೆ ಮೊದಲು ವಿಶ್ವವಿದ್ಯಾಲಯದ್ದೇ ಮರುಪರಿಶೀಲನೆಗೆ ಅರ್ಜಿ ಹಾಕಿದ. ಬೆರಳೆಣಿಕೆಯಷ್ಟು ಅಂಕ ಜಾಸ್ತಿಯಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಕ ಒಂದೂ ಏರದಿದ್ದರೆ ಬಹುಶಃ ಅವನೂ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಿದ್ದನೋ ಏನೋ. ಸ್ವಲ್ಪ ಏರಿತು ಅಂದರೆ ಮೊದಲ ಸಲ ಎಲ್ಲೋ ತಪ್ಪಾಗಿತ್ತು ಅಂತ ವಿಶ್ವವಿದ್ಯಾಲಯವೇ ಒಪ್ಪಿಕೊಂಡ ಹಾಗಾಯಿತು. ಎಲ್ಲಿ ತಪ್ಪಾಗಿತ್ತು? ಕೂಡಿಸುವಾಗಲೋ, ಒಂದು ಉತ್ತರವನ್ನು ನೋಡದೇ ಬಿಟ್ಟಿದ್ದಕ್ಕೋ? ಉಳಿದದ್ದು ಸರಿ ಇದೆಯಾ? ಹೊಸ ಅಂಕಪಟ್ಟಿ ಇದ್ಯಾವುದನ್ನೂ ಹೇಳುವುದಿಲ್ಲ. ಅದರಲ್ಲಿ ಹೊಸ ಸಂಖ್ಯೆ ಮಾತ್ರ ಇರುತ್ತದೆ.

ಈ ಹಂತದಲ್ಲಿ ಅವನ ಮುಂದೆ ಎರಡು ದಾರಿ ಇದ್ದವು. ಅಂಕ ಸರಿಮಾಡಿ ಅಂತ ಜಗಳಕ್ಕೆ ಇಳಿಯುವುದು ಒಂದು. ಪೇಪರ್ ತೋರಿಸಿ ಅಂತ ಕೇಳುವುದು ಇನ್ನೊಂದು. ಅವನು ಎರಡನೆಯದನ್ನು ಹಿಡಿದ. 2007ರಲ್ಲಿ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ತಾನು ನೋಡಬೇಕು ಅಂತಷ್ಟೇ ಕೇಳಿದ.

ಇಡೀ ಪ್ರಕರಣದ ಮೊದಲ ಮತ್ತು ದೊಡ್ಡ ತಿರುವು ಇದೇ ಅಂತ ನಾನು ಹೇಳುತ್ತೇನೆ. ಅಂಕ ಹೆಚ್ಚಿಸಿ ಅಂದಿದ್ದರೆ 1984ರ ತೀರ್ಪು ಅವನನ್ನು ಬಾಗಿಲಲ್ಲೇ ತಡೆಯುತ್ತಿತ್ತು. "ಮೌಲ್ಯಮಾಪಕರು ಯಾಕೆ ಹೀಗೆ ಅಂಕ ಕೊಟ್ಟರು, ಕಾರಣ ತಿಳಿಸಿ" ಅಂದಿದ್ದರೂ ಬಿದ್ದುಹೋಗುತ್ತಿತ್ತು. ಯಾಕೆಂದರೆ ಕಾಯ್ದೆಯಡಿ ಸಿಗುವುದು ಕಚೇರಿಯಲ್ಲಿ ಇರುವ ದಾಖಲೆ. ಇಲ್ಲದ ವಿವರಣೆಯನ್ನು ಹೊಸದಾಗಿ ಬರೆದುಕೊಡಬೇಕಾಗಿಲ್ಲ. ಹುಡುಗ ಕೇಳಿದ್ದು ಕಪಾಟಿನಲ್ಲಿ ಕಟ್ಟಿಟ್ಟಿರುವ ಒಂದು ಕಾಗದದ ಕಂತೆ. ಅದು ಇದೆ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆ ಕಂತೆಯಲ್ಲಿ ಏನಿರುತ್ತದೆ? ಪರೀಕ್ಷೆ ಬರೆದವರಿಗೆಲ್ಲ ಹೊರ ಹಾಳೆ ಗೊತ್ತು. ಪ್ರಶ್ನೆ ಸಂಖ್ಯೆಯ ಎದುರು ಅಂಕ ತುಂಬುವ ಚೌಕಗಳು, ಕೆಳಗೆ ಒಟ್ಟು ಅಂಕ ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ, ಪಕ್ಕದಲ್ಲಿ ಸಹಿ. ನಾವು ಹಾಲ್‌ನಿಂದ ಎದ್ದು ಬರುವಾಗ ಆ ಚೌಕಗಳು ಖಾಲಿ ಇರುತ್ತವೆ. ತುಂಬಿದ ಮೇಲೆ ಹೇಗೆ ಕಾಣುತ್ತವೆ ಅಂತ ನಮ್ಮಲ್ಲಿ ಮೂರು ತಲೆಮಾರು ನೋಡಿಯೇ ಇರಲಿಲ್ಲ. ತಪ್ಪು ಸಿಗುವುದೂ ಹೆಚ್ಚಾಗಿ ಅಲ್ಲೇ. ಒಳಗಿನ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬಿದ್ದ ಅಂಕ ಹೊರ ಹಾಳೆಯ ಚೌಕಕ್ಕೆ ಬಂದಿರುವುದಿಲ್ಲ. 4ಬಿ ಉತ್ತರವನ್ನು ಕೊನೆಯ ಪುಟದಲ್ಲಿ ಮುಂದುವರಿಸಿದ್ದರೆ ಅಲ್ಲಿ ಕೆಂಪು ಗೆರೆಯೇ ಇರುವುದಿಲ್ಲ. ಹೆಚ್ಚುವರಿ ಹಾಳೆ ದಾರ ಬಿಚ್ಚಿ ಎಲ್ಲೋ ಹೋಗಿರುತ್ತದೆ. ಗಣಿತದಲ್ಲಂತೂ ಹೆಜ್ಜೆ ಹೆಜ್ಜೆಗೂ ಅಂಕ. ಎಲ್ಲಿ ನಿಂತಿತು ಅಂತ ಕಣ್ಣಿಗೇ ಕಾಣುತ್ತದೆ.

ವಿಶ್ವವಿದ್ಯಾಲಯ ಆಗುವುದಿಲ್ಲ ಅಂದಿತು

ಅರ್ಜಿ ತಿರಸ್ಕಾರವಾಯಿತು. ಆಗಿನ ಗಾಳಿಯೂ ಹಾಗೇ ಇತ್ತು. ಕೆಲವೇ ತಿಂಗಳ ಹಿಂದೆ, 2007ರ ಏಪ್ರಿಲ್ 23ರಂದು, ಕೇಂದ್ರ ಮಾಹಿತಿ ಆಯೋಗವೇ ಒಂದು ಆದೇಶ ಕೊಟ್ಟಿತ್ತು. ವಿಶ್ವವಿದ್ಯಾಲಯಗಳೂ ಪರೀಕ್ಷಾ ಮಂಡಳಿಗಳೂ ನಡೆಸುವ ದೊಡ್ಡ ಸಾರ್ವಜನಿಕ ಪರೀಕ್ಷೆಗಳಲ್ಲಿ ಉತ್ತರ ಪತ್ರಿಕೆ ತೋರಿಸಬೇಕಾಗಿಲ್ಲ, ತೋರಿಸಲು ಹೊರಟರೆ ವ್ಯವಸ್ಥೆಯೇ ನಡೆಯುವುದಿಲ್ಲ ಅನ್ನುವ ಅರ್ಥದ್ದು. ಮಾಹಿತಿ ಕೊಡಿಸಬೇಕಾದ ಆಯೋಗವೇ ಬೇಡ ಅಂದ ಮೇಲೆ ಕೆಳಗಿನ ಅಧಿಕಾರಿ ಬೇಕು ಅನ್ನುತ್ತಾನಾ?

ಇಂಥ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಹೇಗಿರುತ್ತದೆ ಅಂತ ನೋಡಲು ಇದೇ ಪ್ರಕರಣದ ಜೊತೆ ಸೇರಿದ ಇನ್ನೊಂದು ಕಡತ ಒಳ್ಳೆಯದು. ಅದು ಸಿಬಿಎಸ್‌ಇ ಪರೀಕ್ಷೆ ಬರೆದ ಇನ್ನೊಬ್ಬ ವಿದ್ಯಾರ್ಥಿಯದು. 2008ರ ಜುಲೈ 12ರ ಪತ್ರದಲ್ಲಿ ಮಂಡಳಿ ಅವನಿಗೆ ನಾಲ್ಕು ಕಾರಣ ಕೊಟ್ಟಿತು. ಮೌಲ್ಯಮಾಪಕರ ಜೊತೆ ನಮ್ಮದು ನಂಬಿಕೆಯ ಸಂಬಂಧ, ಅದರ ಗುಟ್ಟು ಕಾಯಬೇಕು, ಆದ್ದರಿಂದ ಸೆಕ್ಷನ್ 8(1)(ಇ) ಪ್ರಕಾರ ವಿನಾಯಿತಿ ಇದೆ. ನಮ್ಮ ಪರೀಕ್ಷಾ ಬೈಲಾದಲ್ಲಿ ಉತ್ತರ ಪತ್ರಿಕೆ ತೋರಿಸಲು ಅವಕಾಶವಿಲ್ಲ. ದೊಡ್ಡ ಸಾರ್ವಜನಿಕ ಹಿತವೇನೂ ಇದರಲ್ಲಿಲ್ಲ. ಕೇಂದ್ರ ಮಾಹಿತಿ ಆಯೋಗವೂ ಬೇಡ ಅಂದಿದೆ.

ಈ ನಾಲ್ಕರಲ್ಲಿ ಮೊದಲನೆಯದೊಂದೇ ಕಾಯ್ದೆಯ ಒಳಗಿನ ಕಾರಣ. ಬೈಲಾ ಕಾಯ್ದೆಗಿಂತ ದೊಡ್ಡದಲ್ಲ, ಬೇರೆ ನಿಯಮಗಳ ಜೊತೆ ಘರ್ಷಣೆ ಬಂದರೆ ಮಾಹಿತಿ ಹಕ್ಕು ಕಾಯ್ದೆಯೇ ಮೇಲು ಅಂತ ಸೆಕ್ಷನ್ 22 ಹೇಳುತ್ತದೆ. ಸಾರ್ವಜನಿಕ ಹಿತದ ಮಾತು ಬರುವುದು ವಿನಾಯಿತಿ ಇದ್ದರೂ ಕೊಡಬೇಕಾ ಅನ್ನುವಾಗ. ವಿನಾಯಿತಿಯೇ ಇಲ್ಲದಿದ್ದರೆ ಆ ಪ್ರಶ್ನೆ ಏಳುವುದೇ ಇಲ್ಲ. ನಿಮಗೆ ಹಿಂಬರಹ ಬಂದಾಗಲೂ ಹೀಗೇ ಒಂದೊಂದು ಸಾಲನ್ನೂ ಬಿಡಿಸಿ ನೋಡಿ. ಎಷ್ಟೋ ಸಲ ಪೂರ್ತಿ ಪುಟದ ಪತ್ರದಲ್ಲಿ ಕಾಯ್ದೆಯ ಕಾರಣ ಒಂದೂ ಇರುವುದಿಲ್ಲ.

ಹುಡುಗನ ವಿಷಯ ಅದೇ 2007ರಲ್ಲಿ ರಿಟ್ ಅರ್ಜಿಯಾಗಿ ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲೇರಿತು. 2008ರ ಮಾರ್ಚ್ 28ರಂದು ನ್ಯಾಯಮೂರ್ತಿ ಸಂಜೀಬ್ ಬ್ಯಾನರ್ಜಿ ಅವರ ಏಕಸದಸ್ಯ ಪೀಠ ಹುಡುಗನ ಪರ ತೀರ್ಪು ಕೊಟ್ಟಿತು.

ಆಗ ವಿಶ್ವವಿದ್ಯಾಲಯದ ಕೈಯಲ್ಲಿ ಒಂದು ಸುಲಭದ ದಾರಿ ಇತ್ತು. ಹುಡುಗನನ್ನು ಕರೆದು, ಒಂದು ಮೇಜು ಹಾಕಿ, ಪೇಪರ್ ತೋರಿಸಿ ಕಳಿಸಬಹುದಿತ್ತು. ಅದು ಮೇಲ್ಮನವಿ ಹಾಕಿತು. ಯಾಕೆ ಅನ್ನುವುದು ಅರ್ಥವಾಗುತ್ತದೆ. ಒಬ್ಬನಿಗೆ ತೋರಿಸಿದರೆ ನಾಳೆ ಸಾವಿರ ಜನ ಬರುತ್ತಾರೆ ಅನ್ನುವ ಭಯ. ಆದರೆ ಆ ಮೇಲ್ಮನವಿಯಿಂದಲೇ ಒಬ್ಬ ಹುಡುಗನ ಪೇಪರಿನ ವಿಷಯ ಇಡೀ ದೇಶದ ವಿಷಯವಾಯಿತು. ಅಷ್ಟರಲ್ಲಿ ಸಿಬಿಎಸ್‌ಇ, ಪಶ್ಚಿಮ ಬಂಗಾಳದ ಪ್ರೌಢ ಶಿಕ್ಷಣ ಮಂಡಳಿ ಮುಂತಾದವುಗಳ ಮೇಲಿನ ಅರ್ಜಿಗಳೂ ಬಂದು ಸೇರಿದವು. 2009ರ ಫೆಬ್ರವರಿ 5ರಂದು ಹೈಕೋರ್ಟಿನ ವಿಭಾಗೀಯ ಪೀಠವೂ ಅದನ್ನೇ ಹೇಳಿತು: ಪೇಪರ್ ತೋರಿಸಿ. ಸಿಬಿಎಸ್‌ಇ ವಿದ್ಯಾರ್ಥಿ ಮರು ಮೌಲ್ಯಮಾಪನವನ್ನೂ ಕೇಳಿದ್ದ, ಅದನ್ನು ಮಾತ್ರ ಕೊಡಲಿಲ್ಲ. ಸಂಸ್ಥೆಗಳೆಲ್ಲ ಒಟ್ಟಾಗಿ ದೆಹಲಿಗೆ ಹೋದವು.

ದೆಹಲಿಯಲ್ಲಿ ನಡೆದದ್ದು

ಸುಪ್ರೀಂ ಕೋರ್ಟಿನಲ್ಲಿ ಪ್ರಕರಣ ಬಂದದ್ದು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮತ್ತು ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಅವರ ಪೀಠಕ್ಕೆ. ರವೀಂದ್ರನ್ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನ್ಯಾಯಮೂರ್ತಿಯಾಗಿದ್ದವರು. ಅವರು ಬರೆದ ತೀರ್ಪು ಓದಲು ಸಲೀಸು. ಇಂಗ್ಲಿಷ್ ಓದಲು ಬರುವ ಪದವಿ ವಿದ್ಯಾರ್ಥಿ ಯಾರ ಸಹಾಯವೂ ಇಲ್ಲದೆ ಓದಬಹುದು. ಓದಿ ಕೂಡ.

ಮೊದಲ ಪ್ರಶ್ನೆ: ಉತ್ತರ ಪತ್ರಿಕೆ ಮಾಹಿತಿಯಾ? ಬರೆದವನು ನೀನೇ, ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದೆ ಅಂತ ಯಾರಾದರೂ ಕೇಳಬಹುದು. ಆದರೆ ಮೌಲ್ಯಮಾಪಕ ಕೈ ಇಟ್ಟ ಮೇಲೆ ಅದು ಬರೀ ಹುಡುಗನ ಬರಹವಲ್ಲ. ಅದರ ಮೇಲೆ ಇನ್ನೊಬ್ಬರ ಅಭಿಪ್ರಾಯ ಬಿದ್ದಿದೆ, ಅಂಕದ ರೂಪದಲ್ಲಿ. ಕಾಯ್ದೆಯ ಸೆಕ್ಷನ್ 2(ಎಫ್) ಮಾಹಿತಿ ಅನ್ನುವಾಗ ಅಭಿಪ್ರಾಯವನ್ನೂ ಸೇರಿಸಿಯೇ ಹೇಳುತ್ತದೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ನಿಜವಾದ ಕುಸ್ತಿ ನಡೆದದ್ದು ನಂಬಿಕೆಯ ಸಂಬಂಧದ ಮೇಲೆ. ಸೆಕ್ಷನ್ 8(1)(ಇ) ಪ್ರಕಾರ, ಒಬ್ಬರು ನಂಬಿ ಕೊಟ್ಟದ್ದನ್ನು ಅವರ ಪರವಾಗಿ ಇಟ್ಟುಕೊಂಡಿದ್ದರೆ ಹೊರಗೆ ಕೊಡಬೇಕಾಗಿಲ್ಲ. ವಕೀಲರು ಕಕ್ಷಿದಾರನ ಗುಟ್ಟು ಕಾಯುವ ಹಾಗೆ. ನಾವು ಮೌಲ್ಯಮಾಪಕರ ಗುಟ್ಟು ಕಾಯುತ್ತಿದ್ದೇವೆ ಅಂದವು ಸಂಸ್ಥೆಗಳು. ಕೋರ್ಟ್ ಇದನ್ನು ಎರಡೂ ಕಡೆಯಿಂದ ತಿರುಗಿಸಿ ನೋಡಿತು. ಸಂಸ್ಥೆಗೂ ವಿದ್ಯಾರ್ಥಿಗೂ ಅಂಥ ಸಂಬಂಧ ಇದೆ ಅಂದುಕೊಂಡರೂ, ಅದು ವಿದ್ಯಾರ್ಥಿಯ ಒಳಿತಿಗೆ ಇರುವಂಥದು. ಅವನ ಪೇಪರನ್ನು ಬೇರೆಯವರಿಗೆ ಕೊಡದಿರಲು ಕಾರಣವಾಗಬಹುದು. ಅವನಿಗೇ ಕೊಡದಿರಲು ಆಗುವುದಿಲ್ಲ. ಇನ್ನು ಮೌಲ್ಯಮಾಪಕ. ಪೇಪರ್ ಅವನ ಕೈಗೆ ಕೊಟ್ಟದ್ದು ಸಂಸ್ಥೆ, ದುಡ್ಡು ಕೊಟ್ಟು ತಿದ್ದಿಸಿಕೊಂಡದ್ದು ಸಂಸ್ಥೆ, ಕೆಲಸ ಮುಗಿದ ಮೇಲೆ ವಾಪಸ್ ಪಡೆದದ್ದೂ ಸಂಸ್ಥೆ. ದರ್ಜಿಗೆ ಬಟ್ಟೆ ಕೊಟ್ಟು ಕೂಲಿ ಕೊಟ್ಟು ಅಂಗಿ ಹೊಲಿಸಿಕೊಂಡು ಬಂದ ಮೇಲೆ, ಅಂಗಿ ತೋರಿಸಬೇಡಿ ಅನ್ನುವ ಹಕ್ಕು ದರ್ಜಿಗೆ ಇರುತ್ತದಾ?

ಆದರೂ ಮೌಲ್ಯಮಾಪಕರ ಒಂದು ಭಯ ಸುಳ್ಳಲ್ಲ. ಹೆಸರು ಗೊತ್ತಾದರೆ ಮನೆ ಬಾಗಿಲಿಗೆ ಬಂದು ಕೂಗಾಡುವವರು ಇದ್ದಾರೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಕೋರ್ಟ್ ಇದನ್ನು ಸೆಕ್ಷನ್ 8(1)(ಜಿ) ಅಡಿ ಒಪ್ಪಿತು. ಯಾರ ಜೀವಕ್ಕೋ ದೇಹಕ್ಕೋ ಅಪಾಯ ತರುವ ಮಾಹಿತಿಯನ್ನು ತಡೆಹಿಡಿಯಬಹುದು. ಹಾಗಂತ ಪೂರ್ತಿ ಪೇಪರ್ ಮುಚ್ಚಿಡಬೇಕಾಗಿಲ್ಲ. ಸೆಕ್ಷನ್ 10 ಇದೆಯಲ್ಲ? ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದು ಕೊಡಿ. ಮೌಲ್ಯಮಾಪಕರ, ಪರಿಶೀಲಕರ, ಮುಖ್ಯ ಮೌಲ್ಯಮಾಪಕರ ಹೆಸರು, ಸಹಿ, ಕೋಡ್ ಇರುವ ಜಾಗವನ್ನು ಮುಚ್ಚಿ ನಕಲು ತೆಗೆದರಾಯಿತು. ಹೊರ ಹಾಳೆಯ ಮೇಲೆ ಒಂದು ಬಿಳಿ ಚೀಟಿ ಇಟ್ಟು ಜೆರಾಕ್ಸ್ ಮಾಡುವಷ್ಟು ಕೆಲಸ.

ನನ್ನ ಲೆಕ್ಕದಲ್ಲಿ ತೀರ್ಪು ಕಾಗದದ ಮೇಲೆ ಉಳಿಯದೆ ಪರೀಕ್ಷಾ ವಿಭಾಗದ ಕೆಲಸವಾಗಿ ಇಳಿದು ಬರಲು ಈ ಬಿಳಿ ಚೀಟಿಯೇ ಕಾರಣ. ಮೌಲ್ಯಮಾಪಕರ ಹೆಸರೂ ಬೇಕು ಅಂತ ವಿದ್ಯಾರ್ಥಿಗಳ ಕಡೆಯವರು ಹಟ ಹಿಡಿದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. 2016ರಲ್ಲಿ ಕೇರಳದ ಲೋಕಸೇವಾ ಆಯೋಗದ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅದೇ ಗೆರೆ ಎಳೆಯಿತು. ಅಭ್ಯರ್ಥಿಗೆ ತನ್ನ ಪೇಪರ್ ಸಿಗಬೇಕು, ತಿದ್ದಿದವರ ಹೆಸರು ಸಿಗಬಾರದು.

1984ರ ತೀರ್ಪು ಏನಾಯಿತು? ಅದನ್ನು ಕೋರ್ಟ್ ತಪ್ಪು ಅನ್ನಲಿಲ್ಲ. ಆಗ ಮಾಹಿತಿ ಹಕ್ಕು ಕಾಯ್ದೆ ಇರಲಿಲ್ಲ, ಈಗ ಇದೆ, ಈ ಕಾಯ್ದೆಯಡಿ ಪೇಪರ್ ನೋಡುವ ಹಕ್ಕಿಗೆ ಆ ತೀರ್ಪು ಅಡ್ಡ ಬರುವುದಿಲ್ಲ ಅಂದಿತು. ಮರು ಮೌಲ್ಯಮಾಪನ ಮಾತ್ರ ಈ ಕಾಯ್ದೆಯಿಂದ ಸಿಗುವ ಹಕ್ಕಲ್ಲ. ಅದಕ್ಕೆ ಆಯಾ ಸಂಸ್ಥೆಯ ನಿಯಮವನ್ನೇ ನೋಡಬೇಕು.

ಗೆದ್ದ ತೀರ್ಪಿನೊಳಗಿನ ಎರಡು ಸಾಲು

ಈ ತೀರ್ಪನ್ನು ಕೊಂಡಾಡುವವರು ಎರಡು ಜಾಗವನ್ನು ಹಾರಿಸಿಬಿಡುತ್ತಾರೆ. ಒಂದು, ಕೊನೆಯಲ್ಲಿ ಬರುವ ಎಚ್ಚರಿಕೆ. ಬೇಕಾಬಿಟ್ಟಿ ಅರ್ಜಿ ಹಾಕಿದರೆ ಆಡಳಿತಕ್ಕೆ ತೊಂದರೆ, ಸರ್ಕಾರಿ ಸಿಬ್ಬಂದಿಯ ಶೇ 75 ಮಂದಿ ತಮ್ಮ ಶೇ 75 ಸಮಯವನ್ನು ಮಾಹಿತಿ ಹುಡುಕಿ ಕೊಡುವುದರಲ್ಲೇ ಕಳೆಯುವ ಸ್ಥಿತಿ ದೇಶಕ್ಕೆ ಬೇಡ ಅನ್ನುವ ಮಾತು. ಅದು ಅಂಕಿಅಂಶವಲ್ಲ, ಮಾತಿನ ಓಘದಲ್ಲಿ ಬಂದದ್ದು. ಆದರೆ ಅರ್ಜಿ ತಿರಸ್ಕರಿಸುವ ಪತ್ರಗಳಿಗೆ ಇದರಷ್ಟು ಇಷ್ಟದ ಸಾಲು ಇನ್ನೊಂದಿಲ್ಲ. ಬಾಗಿಲು ತೆರೆದ ತೀರ್ಪೇ ಬಾಗಿಲು ಹಾಕುವವರಿಗೂ ಚಿಲಕ ಕೊಟ್ಟಿತು ಅನ್ನುವುದು ಸ್ವಲ್ಪ ಬೇಸರದ ವಿಷಯ.

ಎರಡನೆಯದು ಇದಕ್ಕಿಂತ ಮುಖ್ಯ. ಉತ್ತರ ಪತ್ರಿಕೆಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು? ಸಂಸ್ಥೆಯ ನಿಯಮ ಎಷ್ಟು ದಿನ ಅನ್ನುತ್ತದೋ ಅಷ್ಟೇ ದಿನ ಅಂತ ಕೋರ್ಟ್ ಹೇಳಿತು. ಸಿಬಿಎಸ್‌ಇ ನಿಯಮದಲ್ಲಿ ಆಗ ಇದ್ದದ್ದು ಮೂರು ತಿಂಗಳು. ಕಾಯ್ದೆಯ ಸೆಕ್ಷನ್ 8(3)ರಲ್ಲಿ 20 ವರ್ಷದ ಮಾತು ಬರುತ್ತದೆ. ಆದರೆ ಅದು ಎಲ್ಲ ದಾಖಲೆಯನ್ನೂ 20 ವರ್ಷ ಕಾಪಾಡಿ ಅನ್ನುವ ಆದೇಶವಲ್ಲ ಅಂತಲೂ ಕೋರ್ಟ್ ಬಿಡಿಸಿ ಹೇಳಿತು. ಅವಧಿ ಮುಗಿದ ಮೇಲೆ ಪೇಪರ್ ರದ್ದಿಗೆ ಹೋದರೆ ಹಕ್ಕೂ ಅದರ ಜೊತೆ ಹೋಯಿತು.

ಈಗ ಲೆಕ್ಕ ಹಾಕಿ. ಮಾಹಿತಿ ಅಧಿಕಾರಿಗೆ ಉತ್ತರ ಕೊಡಲು 30 ದಿನ. ಅವರು ಇಲ್ಲ ಅಂದ ದಿನವೇ ನೀವು ಮೊದಲ ಮೇಲ್ಮನವಿ ಹಾಕಿದರೂ ಅದಕ್ಕೆ 30 ದಿನ, ಕಾರಣ ಕೊಟ್ಟರೆ 45 ದಿನದವರೆಗೆ. ಅಲ್ಲಿಗೆ 75 ದಿನ ಆಯಿತು. ಮಧ್ಯೆ ಅಂಚೆಗೆ, ರಜೆಗೆ ಒಂದಿಷ್ಟು ದಿನ. ಮೂರು ತಿಂಗಳು ಅಲ್ಲೇ ಮುಗಿಯಿತು, ಆಯೋಗದ ಬಾಗಿಲನ್ನು ನೀವಿನ್ನೂ ಮುಟ್ಟಿಲ್ಲ. ಹುಡುಗನ ಪ್ರಕರಣ ಅರ್ಜಿಯಿಂದ ಕೊನೆಯ ತೀರ್ಪಿನವರೆಗೆ ಸುಮಾರು ನಾಲ್ಕು ವರ್ಷ ಎಳೆಯಿತು. ಅವನ ಪದವಿ ಕೋರ್ಸೇ ಮೂರು ವರ್ಷದ್ದು.

ಇಲ್ಲಿ ಕಾಯ್ದೆಯಲ್ಲೇ ಒಂದು ಹಿಡಿತ ಇದೆ, ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಸೆಕ್ಷನ್ 20ರಲ್ಲಿ ದಂಡದ ಕಾರಣಗಳನ್ನು ಓದಿ. ತಡ ಮಾಡಿದರೆ, ಅರ್ಜಿ ತೆಗೆದುಕೊಳ್ಳದಿದ್ದರೆ, ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಅನ್ನುವುದರ ಜೊತೆಗೆ, ಕೇಳಿದ ಮಾಹಿತಿಯನ್ನು ನಾಶ ಮಾಡಿದರೂ ದಂಡ ಅಂತ ಇದೆ. ದಿನಕ್ಕೆ 250 ರೂಪಾಯಿ, ಒಟ್ಟು 25,000 ಮೀರದ ಹಾಗೆ, ಅದೂ ಅಧಿಕಾರಿಯ ಜೇಬಿನಿಂದ. ಪೇಪರ್ ಇನ್ನೂ ಕಪಾಟಿನಲ್ಲಿ ಇರುವಾಗಲೇ ನಿಮ್ಮ ಅರ್ಜಿಗೆ ಸ್ವೀಕೃತಿ ಬಿದ್ದರೆ, ಆಮೇಲೆ ಅವಧಿ ಮುಗಿಯಿತು ಅಂತ ಅದನ್ನು ರದ್ದಿಗೆ ಹಾಕುವುದು ಅವರಿಗೆ ಅಷ್ಟು ಹಗುರವಲ್ಲ. ಹಾಗಾಗಿ ಮರು ಮೌಲ್ಯಮಾಪನದ ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂತ ಕಾಯುವುದು ಸರಿಯಲ್ಲ. ಎರಡನ್ನೂ ಒಟ್ಟಿಗೆ ಹಾಕಿ.

ಕರ್ನಾಟಕದಲ್ಲಿ ಇದನ್ನು ಮಾಡುವುದು ಹೇಗೆ

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಯ ದಾಖಲೆ ಇರುವುದು ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಯಲ್ಲಿ. ಆಡಳಿತದ ಕುಲಸಚಿವರು ಬೇರೆ. ವಿಳಾಸ ತಪ್ಪಿದರೆ ಅರ್ಜಿಯನ್ನು ಸರಿಯಾದ ಕಚೇರಿಗೆ ಕಳಿಸಬೇಕಾದದ್ದು ಅವರ ಕೆಲಸವೇ, ಆದರೂ ದಿನ ನಷ್ಟ ನಿಮ್ಮದು. ಶುಲ್ಕ 10 ರೂಪಾಯಿ, ನಕಲು ಪುಟಕ್ಕೆ 2 ರೂಪಾಯಿ. ನಮ್ಮಲ್ಲಿ ಕಾಡುವ ಇನ್ನೊಂದು ನಿಯಮ ಇದೆ. 2008ರ ತಿದ್ದುಪಡಿಯ ನಂತರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಐದು ಪೇಪರು, ಹಾಸ್ಟೆಲ್ ಬಿಲ್, ಸ್ಕಾಲರ್‌ಶಿಪ್ ಎಲ್ಲ ಒಂದರಲ್ಲೇ ತುರುಕಿದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ.

ಅಸಲಿಗೆ 150 ಪದವೇ ಜಾಸ್ತಿ. ಹುಡುಗನ ಪ್ರಕರಣದಿಂದ ಕಲಿತದ್ದನ್ನು ಸೇರಿಸಿ ಬರೆದರೆ ಇಷ್ಟು ಸಾಕು:

"ಈ ವರ್ಷದ, ಈ ಸೆಮಿಸ್ಟರಿನ, ಈ ವಿಷಯದ, ನನ್ನ ನೋಂದಣಿ ಸಂಖ್ಯೆಯ ಮೌಲ್ಯಮಾಪನವಾದ ಉತ್ತರ ಪತ್ರಿಕೆಯ ದೃಢೀಕೃತ ನಕಲನ್ನು, ಹೊರ ಹಾಳೆ ಮತ್ತು ಹೆಚ್ಚುವರಿ ಹಾಳೆಗಳ ಸಮೇತ ನೀಡಿ. ಮೌಲ್ಯಮಾಪಕರ ಗುರುತು ತಿಳಿಸುವ ಭಾಗವನ್ನು ಮುಚ್ಚಿ ಕೊಡಬಹುದು. ಉತ್ತರ ಪತ್ರಿಕೆಗಳನ್ನು ಎಷ್ಟು ಕಾಲ ಕಾಯ್ದಿಡಬೇಕು ಎಂಬ ವಿಶ್ವವಿದ್ಯಾಲಯದ ನಿಯಮ ಅಥವಾ ಸುತ್ತೋಲೆಯ ನಕಲನ್ನೂ ನೀಡಿ."

ಯಾಕೆ ಅಂತ ಬರೆಯಬೇಡಿ. ಸಿಟ್ಟಿನ ಒಂದು ವಾಕ್ಯವೂ ಬೇಡ. ಮೌಲ್ಯಮಾಪಕರ ಗುರುತನ್ನು ನೀವೇ ಬಿಟ್ಟುಕೊಟ್ಟರೆ ಅವರ ಕೈಯಲ್ಲಿರುವ ದೊಡ್ಡ ಆಕ್ಷೇಪಣೆ ಅಲ್ಲೇ ಬೀಳುತ್ತದೆ. ಕೊನೆಯ ಸಾಲಿನ ಉತ್ತರ ಬಂದರೆ ಎಷ್ಟು ದಿನ ಉಳಿದಿದೆ ಅಂತ ಗೊತ್ತಾಗುತ್ತದೆ. ಉತ್ತರ ಬರದಿದ್ದರೆ ಮೇಲ್ಮನವಿಗೆ ಒಂದು ಗಟ್ಟಿ ಕಾರಣ ಸಿಕ್ಕಿತು.

ಇದಕ್ಕೆ ಈಗೀಗ ಬರುವ ಉತ್ತರ ತಿರಸ್ಕಾರವಲ್ಲ, ಇನ್ನೊಂದು ಬಗೆಯದು. "ವಿಶ್ವವಿದ್ಯಾಲಯದಲ್ಲಿ ಉತ್ತರ ಪತ್ರಿಕೆಯ ನಕಲಿಗೆ ಪ್ರತ್ಯೇಕ ವ್ಯವಸ್ಥೆ ಇದೆ, ನಿಗದಿತ ಶುಲ್ಕ ಕಟ್ಟಿ ಅಲ್ಲಿ ಅರ್ಜಿ ಸಲ್ಲಿಸಿ." ಆ ಶುಲ್ಕ ಪುಟಕ್ಕೆ 2 ರೂಪಾಯಿಗಿಂತ ಬಹಳ ಜಾಸ್ತಿ ಇರುತ್ತದೆ. ಇದಕ್ಕೂ ಉತ್ತರ ಇದೆ. ಕಂಪನಿ ಸೆಕ್ರೆಟರಿಗಳ ಸಂಸ್ಥೆ ತನ್ನ ಮಾರ್ಗಸೂಚಿ ಪ್ರಕಾರ ವಿಷಯಕ್ಕೆ 500 ರೂಪಾಯಿ ಕೇಳಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಹೇಳಿತು: ಎರಡೂ ದಾರಿ ತೆರೆದಿವೆ, ಮಾಹಿತಿ ಹಕ್ಕಿನ ದಾರಿಯಲ್ಲಿ ಬಂದವರಿಗೆ ಮಾಹಿತಿ ಹಕ್ಕು ನಿಯಮದ ಶುಲ್ಕವೇ. ಹಾಗಂತ ಸಂಸ್ಥೆಯ ದಾರಿ ಕೆಟ್ಟದ್ದೇನಲ್ಲ. ಮರು ಮೌಲ್ಯಮಾಪನಕ್ಕೆ ಕೊನೆಯ ದಿನ ಹತ್ತಿರ ಇದ್ದಾಗ ಹತ್ತೋ ಹದಿನೈದೋ ದಿನದಲ್ಲಿ ಅದು ಸಿಗುವುದಾದರೆ ದುಡ್ಡು ಕಟ್ಟಿ ತೆಗೆದುಕೊಳ್ಳುವುದೇ ಜಾಣತನ. 30 ದಿನ ಕಾದು ಉಳಿಸಿದ ದುಡ್ಡಿನಿಂದ ಮುಗಿದುಹೋದ ದಿನಾಂಕ ವಾಪಸ್ ಬರುವುದಿಲ್ಲ. ಅವಸರ ಇಲ್ಲದವರು, ದುಡ್ಡಿಲ್ಲದವರು, ಸಂಸ್ಥೆಯ ದಿನಾಂಕ ತಪ್ಪಿಸಿಕೊಂಡವರು ಮಾಹಿತಿ ಹಕ್ಕಿನ ದಾರಿ ಹಿಡಿಯಲಿ. ಬಿಪಿಎಲ್ ಕುಟುಂಬದವರಿಗೆ ಕಾಯ್ದೆಯಡಿ ಅರ್ಜಿ ಶುಲ್ಕವೇ ಇಲ್ಲ.

ಇದನ್ನೆಲ್ಲ ಓದಿದ ಮೇಲೆ ಹೆಚ್ಚಾಗಿ ಬರುವ ಪ್ರಶ್ನೆ, ನೇಮಕಾತಿ ಪರೀಕ್ಷೆಗೂ ಇದೇ ತೀರ್ಪು ನಡೆಯುತ್ತದಾ ಅನ್ನುವುದು. ಅಷ್ಟು ನೇರವಾಗಿ ನಡೆಯುವುದಿಲ್ಲ. 2018ರ ಫೆಬ್ರವರಿಯಲ್ಲಿ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್, ಅಂಕಗಳ ವಿವರವನ್ನು ಯಾಂತ್ರಿಕವಾಗಿ ಕೊಡಿಸಲು ಆಗುವುದಿಲ್ಲ, ಪಾರದರ್ಶಕತೆಯನ್ನೂ ಗೋಪ್ಯತೆಯನ್ನೂ ತೂಗಿ ನೋಡಬೇಕು ಅಂದಿತು. ಅದಾದ ಮೇಲೆ ಕೆಲವು ವಿಶ್ವವಿದ್ಯಾಲಯಗಳ ಹಿಂಬರಹದಲ್ಲೂ ಆ ತೀರ್ಪು ಕಾಣಿಸಿಕೊಳ್ಳಬಹುದು. ನಿಮ್ಮ ಪದವಿ ಪರೀಕ್ಷೆಯ ಪೇಪರಿಗೆ ಅದನ್ನು ತೋರಿಸಿದರೆ, ಮೊದಲ ಮೇಲ್ಮನವಿಯಲ್ಲಿ ಎರಡೇ ಸಾಲು ಬರೆಯಿರಿ: ಅದು ನಾಗರಿಕ ಸೇವಾ ಪರೀಕ್ಷೆಯ ಕುರಿತದ್ದು, ನನ್ನದು ವಿಶ್ವವಿದ್ಯಾಲಯದ ಪರೀಕ್ಷೆ, 2011ರ ಆಗಸ್ಟ್ 9ರ ತೀರ್ಪಿನಲ್ಲಿ ಒಂದು ವಿಶ್ವವಿದ್ಯಾಲಯವೇ ಪಕ್ಷಗಾರನಾಗಿತ್ತು. ಜೊತೆಗೆ ಆ ತೀರ್ಪಿನ ನಕಲನ್ನು ಲಗತ್ತಿಸಿ, ಬೇಕಾದ ಭಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೊಡಿ. ಮೇಲ್ಮನವಿ ಕೇಳುವ ಅಧಿಕಾರಿ ಆಗಿರುವವರು ಸಾಮಾನ್ಯವಾಗಿ ಒಬ್ಬ ಪ್ರೊಫೆಸರ್. ಗೆರೆ ಎಳೆದ ಜಾಗವನ್ನು ಓದುವ ಅಭ್ಯಾಸ ಅವರಿಗಿರುತ್ತದೆ.